ಕಿವಿಗೆ ಅಂಗೈ ಹಿಡಿದ ಮಗಳು

ಮೊದಲು ಹೋದದ್ದು ಅವಳ ದನಿ.

ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದ ಮಗಳು ಶರಣ್ಯಾ ಏನೋ ಕೇಳಿದಳು. ತುಟಿ ಆಡಿತು, ಮಾತು ಕೇಳಿಸಲಿಲ್ಲ. ಗಂಟಲಿನಿಂದ ಬರೀ ಗಾಳಿ. ನಾನು ನಕ್ಕೆ. "ದಿನವೆಲ್ಲ ಊರೋರ ಹತ್ರ ಮಾತಾಡ್ತಾ ಇದ್ರೆ ಇನ್ನೇನಾಗುತ್ತೆ?" ಎಂದು ಉಪ್ಪುನೀರು ಕಾಯಿಸಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವಳ ಮೈ ಸುಡುತ್ತಿತ್ತು.

ನಾನು ಕೊಳ್ಳೇಗಾಲದವಳು. ಮದುವೆಯಾಗಿ ಕೊಯಮತ್ತೂರಿನ ಕಡೆ, ಸೂಲೂರಿನ ಹತ್ತಿರದ ಈ ನೇಕಾರರ ಬೀದಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ನಮ್ಮವರು ಮನೆಯೊಳಗೆ ಕನ್ನಡ ಆಡುತ್ತಾರೆ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಬರೆಯಲು ಬರುವುದು ಈ ಮನೆಯಲ್ಲಿ ನನಗೊಬ್ಬಳಿಗೇ. ಆಗಿದ್ದನ್ನು ಬಾಯಲ್ಲಿ ಹೇಳಹೋದರೆ ನಡುವೆ ನಿಂತುಬಿಡುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಪವರ್‌ಲೂಮ್‌ಗಳಿವೆ. ಬೀದಿಯ ಎಲ್ಲ ಮನೆಗಳಲ್ಲೂ ಇವೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ತಲೆ ಸಿಡಿಯುತ್ತಿತ್ತು. ಕೊರೋನಾದ ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿ ಅವೆಲ್ಲ ಒಟ್ಟಿಗೆ ನಿಂತವು. ಹಾಡುಹಗಲಲ್ಲೇ ಬೀದಿ ಹೆಣ ಎತ್ತಿಹೋದ ಮನೆಯ ಹಾಗೆ ಇತ್ತು. ಪಕ್ಕದ ಮನೆಯವರು ತಟ್ಟೆ ಕೆಳಗಿಟ್ಟರೂ ನಮಗೆ ಕೇಳಿಸುತ್ತಿತ್ತು. ಆಗಾಗ ತಲೆಯ ಮೇಲೆ ಏರ್‌ಫೋರ್ಸಿನ ದೊಡ್ಡ ವಿಮಾನ ಹೋಗುತ್ತಿತ್ತು. ಆಕ್ಸಿಜನ್ ಟ್ಯಾಂಕರ್ ತರಲು ಹೋಗುತ್ತಿದೆ ಎಂದು ಜನ ಹೇಳುತ್ತಿದ್ದರು. ಅದು ದಾಟಿದ ಮೇಲೆ ಮೌನ ಇನ್ನಷ್ಟು ದಪ್ಪವಾಗಿ ಇಳಿಯುತ್ತಿತ್ತು.

ಶರಣ್ಯಾ ಆಗ ಬಿ.ಕಾಂ. ಎರಡನೇ ವರ್ಷ. ಕಾಲೇಜು ಮುಚ್ಚಿತ್ತು. ಮೊದಮೊದಲು ಅವಳೂ ಗೆಳತಿಯರೂ ಊಟದ ಪೊಟ್ಟಣ ಕಟ್ಟಿ ಹಂಚಿ ಬರುತ್ತಿದ್ದರು. ಕಾಯಿಲೆ ಬೀದಿ ಬೀದಿಗೆ ಬಂದಮೇಲೆ ಕಾಲೇಜಿನವರು ಅದನ್ನು ನಿಲ್ಲಿಸಿ ಬೇರೆ ಕೆಲಸ ಕೊಟ್ಟರು. ಮನೆಯಲ್ಲೇ ಕ್ವಾರಂಟೈನ್ ಆದ ವಯಸ್ಸಾದವರಿಗೆ ದಿನಾ ಫೋನ್ ಮಾಡಬೇಕು. ಜ್ವರ ಇದೆಯೇ, ಊಟ ಸೇರುತ್ತಿದೆಯೇ, ಮಾತ್ರೆ ನುಂಗಿದರೇ ಎಂದು ಕೇಳಬೇಕು. ಆಕ್ಸಿಮೀಟರ್ ಇಲ್ಲದವರಿಗೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳಬೇಕು. ಸಲೀಸಾಗಿ ಇಪ್ಪತ್ತು ದಾಟದಿದ್ದರೆ, ಇಲ್ಲವೇ ಮಾತು ತಡಬಡಿಸಿದರೆ, ಕೂಡಲೇ ತಿಳಿಸಬೇಕು.

ಸಂಜೆಯಾದರೆ ಅವಳ ಕೋಣೆಯಿಂದ ಅದೇ ಕೇಳಿಸುತ್ತಿತ್ತು. "ಸಾಪ್ಟೀಂಗಳಾ ಪಾಟಿ? ಎಣ್ಣುಂಗ ಪಾಕ್ಕಲಾಂ." ಊಟ ಆಯಿತೇ ಅಜ್ಜಿ, ಎಣಿಸಿ ನೋಡೋಣ. ಆಮೇಲೆ ಸುಮ್ಮನಾಗಿ, ಆ ಕಡೆಯವರು ಎಣಿಸುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಯಾರ ಮುಖವನ್ನೂ ಅವಳು ನೋಡಿರಲಿಲ್ಲ.

ಅವಳಿಗೆ ಜ್ವರ ಬಂದಮೇಲೆ ಟೆಸ್ಟ್ ಮಾಡಿಸಿದೆವು. ಅವಳಿಗೂ ಪಾಸಿಟಿವ್, ನನಗೂ ಪಾಸಿಟಿವ್. ನನಗೆ ಮೈಕೈ ನೋವು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನನ್ನ ಗಂಡನಿಗೆ ನೆಗೆಟಿವ್ ಬಂತು. ಅವರು ಚಾಪೆ ಹಿಡಿದು ಶೆಡ್ಡಿಗೆ ಹೋದರು. ಆಸ್ಪತ್ರೆಗಳಲ್ಲಿ ಬೆಡ್ ಇರಲಿಲ್ಲ. ಚಿಕ್ಕ ವಯಸ್ಸು, ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಕಾಲೇಜಿನಿಂದ ಕೊಟ್ಟಿದ್ದ ಆಕ್ಸಿಮೀಟರನ್ನು ಅವಳು ಹಿಂದಿನ ವಾರವಷ್ಟೇ ಒಂದು ಬಸುರಿಯ ಮನೆಗೆ ಕಳಿಸಿದ್ದಳು. ಮೆಡಿಕಲ್ ಶಾಪುಗಳಲ್ಲಿ ಎಲ್ಲೂ ಸಿಗಲಿಲ್ಲ.

ಜ್ವರದಲ್ಲೂ ಫೋನ್ ಬಿಡುತ್ತಿರಲಿಲ್ಲ. ನಾನೇ ಕಿತ್ತುಕೊಂಡು ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ಶರಣ್ಯಾಳ ಪಾಲಿನ ವಯಸ್ಸಾದವರನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು ಅವಳ ಗೆಳತಿ ಮೀನಾ. ಆದರೆ ಮೀನಾಳ ಪಾಲಿಗೂ ಬೇಕಾದಷ್ಟು ಮನೆಗಳಿದ್ದವು.

ಕೆಲವು ದಿನಕ್ಕೆ ಜ್ವರ ಇಳಿಯಿತು. ದನಿ ಮರಳಿತು. ಗಂಜಿ ಕುಡಿದಳು. ಕಿಟಕಿಯ ಬಳಿ ದಿಂಬಿಗೊರಗಿ ಕೂತು ನನ್ನನ್ನು ನೋಡಿ ನಕ್ಕಳು. ನನ್ನ ಗಂಡ ಹಿತ್ತಲ ಕಡೆಯಿಂದ ಕೇಳಿದರು, "ಕೊಳಂದೆ ಹೆಂಗವಳೆ?" ಮಗು ಹೇಗಿದ್ದಾಳೆ ಎಂದು.

"ಪರವಾಗಿಲ್ಲ. ಮಾತಾಡ್ತಾವಳೆ," ಎಂದೆ.

ಅದೇ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಕೋಣೆಯಿಂದ ಅವಳ ಮಾತು ಕೇಳಿಸಿತು. "ಸೊಲ್ಲುಂಗ ತಾತಾ." ಹೇಳಿ ತಾತಾ, ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು. "ಇನ್ನಿಕ್ಕುಮ್ ಮುರುಂಗೈ ಕೀರೈತಾನಾ?" ಇವತ್ತೂ ನುಗ್ಗೆಸೊಪ್ಪೇನಾ, ಎಂದು. ಮತ್ತೆ ಮೌನ. ಮತ್ತೆ, "ಕುಪ್ಪುರ ಪಡುಂಗ ತಾತಾ. ಕುಪ್ಪುರ." ಬೋರಲು ಮಲಗಿ ಎಂದು.

ಯಾವಾಗ ಬಂದು ಫೋನ್ ತೆಗೆದುಕೊಂಡು ಹೋದಳು ಎಂದುಕೊಂಡು ತಿರುಗಿದೆ.

ಫೋನ್ ಶೆಲ್ಫಿನಲ್ಲೇ ಇತ್ತು.

ಕೋಣೆಗೆ ಹೋದೆ. ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಲಗೈಯನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಬಡಬಡಿಸುವವರ ಹಾಗೆ ಒಂದೇ ಸಮನೆ ಮಾತಾಡುತ್ತಿರಲಿಲ್ಲ ಅವಳು. ಕೇಳಿಸಿಕೊಳ್ಳುತ್ತಿದ್ದಳು. ಆ ಕಡೆಯವರಿಗೆ ಮಾತು ಮುಗಿಸಲು ಬಿಡುತ್ತಿದ್ದಳು. ನಡುವೆ "ಹ್ಮ್" ಎನ್ನುತ್ತಿದ್ದಳು. ನನ್ನನ್ನು ಕಂಡು, ಸದ್ದು ಮಾಡಬೇಡ ಎಂದು ಎಡಗೈ ಎತ್ತಿ ತೋರಿಸಿದಳು.

ನಾನು ಸದ್ದು ಮಾಡಲಿಲ್ಲ. ಯಾಕೆ ಎಂದು ಈಗಲೂ ಹೇಳಲಾರೆ. ಬಾಗಿಲಲ್ಲೇ ನಿಂತೆ, ನಿಜವಾಗಿಯೂ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ. ಮುಗಿದ ಮೇಲೆ ಅವಳು ಕೈ ಇಳಿಸಿ ಮಲಗಿಬಿಟ್ಟಳು. ಜ್ವರ ಬಿಟ್ಟ ನಿಶ್ಶಕ್ತಿ, ಅಭ್ಯಾಸಬಲ ಎಂದು ನನಗೆ ನಾನೇ ಹೇಳಿಕೊಂಡೆ. ಗಂಡನಿಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಶೆಲ್ಫಿನ ಮೇಲಿದ್ದ ಫೋನ್ ಬಡಿದುಕೊಂಡಿತು.

ಒಬ್ಬ ಮುದುಕಿ. ಆ ಹುಡುಗಿ ಯಾಕೆ ಫೋನ್ ಮಾಡುತ್ತಿಲ್ಲ ಎಂದು ಕೇಳಿದಳು. ಹುಷಾರಿಲ್ಲ ಎಂದೆ. "ಸಾಮಿ ಕಾಪಾಡಲಿ," ಎಂದು ತಮಿಳಿನಲ್ಲಿ ಹೇಳಿ ಅತ್ತಳು. ಫೋನ್ ಇಡಲು ಮನಸ್ಸು ಬರಲಿಲ್ಲ. ನನ್ನ ಹರಕು ತಮಿಳಿನಲ್ಲೇ ಕೇಳಿದೆ, ಊಟ ಆಯಿತೇ ಪಾಟಿ, ಎಣಿಸಿ ನೋಡೋಣ. ಆಕೆ ಎಣಿಸಿದಳು. ಚೆನ್ನಾಗಿಯೇ ಎಣಿಸಿದಳು. ನನಗೇನೋ ಸಮಾಧಾನವಾಯಿತು. ಫೋನಿನಲ್ಲಿ 'ತಾತಾ, ಸೂಲೂರು' ಎಂದು ಹೆಸರು ಹಾಕಿಕೊಂಡಿದ್ದ ನಂಬರಿಗೆ ನಾನೇ ಮಾಡಿದೆ.

ಅವರ ಹೆಸರು ಪಳನಿಯಪ್ಪನ್. ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸಾಲುಮನೆಯೊಂದರಲ್ಲಿ ಒಬ್ಬರೇ ಇದ್ದರು. ಮಗಳು ಧಾರಾಪುರಂನಲ್ಲಿ, ಲಾಕ್‌ಡೌನ್‌ನಿಂದಾಗಿ ಬರಲಾಗಿರಲಿಲ್ಲ. ಇಷ್ಟು ಶರಣ್ಯಾ ಹೇಳಿದ್ದಳು. ನಾನು ಅವಳ ಅಮ್ಮ, ಅವಳಿಗೆ ಹುಷಾರಿಲ್ಲ, ಅದಕ್ಕೇ ನಾಲ್ಕಾರು ದಿನದಿಂದ ಫೋನ್ ಮಾಡಿಲ್ಲ ಎಂದೆ.

"ಇಲ್ಲಿಂಗಮ್ಮಾ," ಎಂದರು ಅವರು ಮೆಲ್ಲಗೆ. "ನೇತ್ತು ಪಾಪಾ ಪೇಸಿಚ್ಚೇ."

ಇಲ್ಲಮ್ಮ, ನಿನ್ನೆ ಮಗು ಮಾತಾಡಿತಲ್ಲ.

ಯಾರು ಮಾತಾಡಿದ್ದು ಎಂದೆ. ನಿಮ್ಮ ಮಗಳೇ ಎಂದರು. ನುಗ್ಗೆಸೊಪ್ಪು ಎಂದಾಗ ನಕ್ಕಿತು ಎಂದರು. ಬೋರಲು ಮಲಗಿಕೋ ಎಂದಿತು, ಹಾಗೇ ಮಲಗಿದ್ದೇನೆ ಎಂದರು. ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. ಆ ನಿಲುಗಡೆಯಲ್ಲಿ ಒಲೆಗೆ ಕೊಳವೆ ಊದುವಂಥ ಸದ್ದು.

ಹೆದರಿಕೆಯ ನಡುವೆಯೇ ಬಾಯಿಗೆ ಬಂದದ್ದು ಅವಳು ದಿನಾ ಕೇಳುತ್ತಿದ್ದ ಮಾತು. "ಎಣ್ಣುಂಗ ಅಯ್ಯಾ."

"ಒಣ್ಣು... ರೆಂಡು... ಮೂಣು..." ಐದಕ್ಕೆ ನಿಂತಿತು. ಆಮೇಲೆ ಅವರು ಸಂಖ್ಯೆ ಬಿಟ್ಟು ಇನ್ಯಾರನ್ನೋ ಹೆಸರು ಹಿಡಿದು ಕರೆದರು.

ಮಾತು ತಡಬಡಿಸಿದರೆ ಕೂಡಲೇ ತಿಳಿಸಬೇಕು. ಇವರಿಗೆ ಆಕ್ಸಿಜನ್ ಇಳಿದಿದೆ. ಅದಕ್ಕೇ ಇಲ್ಲದ್ದು ಕೇಳಿಸುತ್ತಿದೆ. ಅಷ್ಟು ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು.

ಫೋನ್ ಹಿಡಿದುಕೊಂಡೇ ಕೋಣೆಗೆ ಓಡಿದೆ. ಶರಣ್ಯಾ ಕಿಟಕಿಯ ಬಳಿ ಕೂತಿದ್ದಳು. ಅಂಗೈ ಕಿವಿಯ ಮೇಲೆ. ನನ್ನನ್ನು ಕಂಡು ನಕ್ಕಳು. ಹಗಲ ಬೆಳಕಲ್ಲಿ ಅವಳ ತುಟಿಯನ್ನು ಆಗ ಸರಿಯಾಗಿ ನೋಡಿದೆ. ನೇರಳೆಹಣ್ಣು ತಿಂದವರ ತುಟಿಯ ಹಾಗಿತ್ತು.

"ನನ್ ಕಣ್ಣು, ಒಂದ್ಸಲ ಎಣಿಸು," ಎಂದೆ.

"ಯಾಕಮ್ಮ? ನಾ ಚೆನ್ನಾಗೇ ಇವ್ನಿ."

"ಎಣಿಸು."

ಏಳರವರೆಗೆ ಎಣಿಸಿ ನಿಲ್ಲಿಸಿದಳು. ನಗುತ್ತಲೇ ನಿಲ್ಲಿಸಿದಳು.

ಫೋನಿನಲ್ಲಿ ತಾತ ಇನ್ನೂ ಉಸಿರೆಳೆಯುತ್ತಿದ್ದರು. ಕದ ತೆರೆದಿಟ್ಟು ಮಲಗಿ ಅಯ್ಯಾ, ಜನ ಬರುತ್ತಾರೆ ಎಂದು ಅವರಿಗೆ ಕೂಗಿ ಹೇಳಿದೆ. ಮೀನಾಳಿಗೆ ಫೋನ್ ಮಾಡಿ ಅವರ ವಿಷಯ ತಿಳಿಸಿದೆ. 108ಕ್ಕೆ ಮಾಡಿದರೆ, ಗಾಡಿ ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಹಿತ್ತಲ ಬಾಗಿಲು ತೆರೆದು ಕೂಗಿದೆ, "ಏನೂಂದ್ರೆ, ಟೆಂಪೊ ತೆಗೀರಿ." ಅವರು ಏನೆಂದು ಕೇಳಲಿಲ್ಲ. ಎರಡು ಮಾಸ್ಕ್ ಹಾಕಿಕೊಂಡು, ನೂಲಿನ ಮೂಟೆ ಸಾಗಿಸುವ ನಮ್ಮ ಗಾಡಿ ತಂದು ನಿಲ್ಲಿಸಿದರು. ಹಿಂದೆ ಚಾಪೆ ಹಾಸಿ ಅವಳನ್ನು ಬೋರಲು ಮಲಗಿಸಿ, ಪಕ್ಕದಲ್ಲಿ ಕೂತೆ.

ತಿರುಚ್ಚಿ ರಸ್ತೆಯನ್ನು ನಾನು ಅಷ್ಟು ಖಾಲಿಯಾಗಿ ಎಂದೂ ಕಂಡಿರಲಿಲ್ಲ. ಉರಿಬಿಸಿಲು. ಬಾಗಿಲೆಳೆದ ಅಂಗಡಿಗಳು. ಒಂದು ಜವಳಿ ಅಂಗಡಿಯ ಗಾಜಿನ ಹಿಂದೆ ಸೀರೆಯುಟ್ಟ ಗೊಂಬೆಗಳು ಮಾತ್ರ ರಸ್ತೆ ನೋಡುತ್ತಿದ್ದವು. ಯಾರೂ ಇಲ್ಲದ ಸಿಗ್ನಲ್ಲುಗಳು ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗುತ್ತಿದ್ದವು. ಪೊಲೀಸರು ಒಂದು ಕಡೆ ತಡೆದರು, ಹಿಂದೆ ಇಣುಕಿ ನೋಡಿ ಬ್ಯಾರಿಕೇಡ್ ಸರಿಸಿದರು. ಶರಣ್ಯಾ ಚಾಪೆಗೆ ಕೆನ್ನೆಯೊತ್ತಿ, "ಕದವು ತೊರಂದಿರುಕ್ಕಾ ತಾತಾ?" ಎನ್ನುತ್ತಿದ್ದಳು. ಬಾಗಿಲು ತೆರೆದಿದೆಯಾ ತಾತಾ. ನಾನು ಕೂಗಿ ಹೇಳಿದ್ದನ್ನು ಕೇಳಿಸಿಕೊಂಡಿರಬೇಕು. ಹಾಗೆಂದೇ ಅಂದುಕೊಂಡಿದ್ದೇನೆ.

ಕೊಯಮತ್ತೂರಿನ ಆಸ್ಪತ್ರೆಯ ಬಾಗಿಲಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ ನರ್ಸ್ ಅದನ್ನು ತೆಗೆದು ಒರೆಸಿ ಮತ್ತೆ ಸಿಕ್ಕಿಸಿದಳು. ಎಪ್ಪತ್ತೆರಡು.

"ಮಾತಾಡ್ತಾ ಇದ್ದಾಳಾ ಇವಳು?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಹುಡುಗಿಯಂಥ ಡಾಕ್ಟರು, ಕಣ್ಣು ಮಾತ್ರ ಕಾಣುತ್ತಿತ್ತು. ಇದಕ್ಕೆ ಹ್ಯಾಪಿ ಹೈಪಾಕ್ಸಿಯಾ ಅಂತಾರೆ ಅಮ್ಮಾ, ಒಳಗೆ ಆಕ್ಸಿಜನ್ ಇಳೀತಾ ಇದ್ರೂ ಪೇಷೆಂಟಿಗೆ ಸುಸ್ತೇ ಗೊತ್ತಾಗಲ್ಲ, ಎಂದರು. ಹ್ಯಾಪಿ ಎಂಬ ಮಾತನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ನನಗೂ ಪಾಸಿಟಿವ್ ಇದ್ದುದರಿಂದ ಅವಳ ಜೊತೆ ಇರಲು ಬಿಟ್ಟರು. ಆ ವಾರ್ಡಿನಲ್ಲಿ ಯಾರಿಗೂ ಮುಖವಿರಲಿಲ್ಲ. ನರ್ಸುಗಳು, ಡಾಕ್ಟರುಗಳು, ಕಸ ಗುಡಿಸುವವರು, ಎಲ್ಲರೂ ಒಂದೇ ಬಿಳಿ. ಬೆನ್ನ ಮೇಲೆ ಪೆನ್ನಿನಲ್ಲಿ ಹೆಸರು. ಅವರು ಬೆನ್ನು ತಿರುಗಿಸಿದಾಗಲೇ ಯಾರೆಂದು ತಿಳಿಯುತ್ತಿತ್ತು. ಸಿ.ಟಿ., ಸ್ಟೆರಾಯ್ಡ್, ಹೊಟ್ಟೆಗೆ ರಕ್ತ ತೆಳುವಾಗಿಸುವ ಇಂಜೆಕ್ಷನ್. ಜೋರಾಗಿ ಆಕ್ಸಿಜನ್ ಬಿಡುವ ಮಾಸ್ಕಿನ ಸದ್ದು ಬಿಡದೆ ಬರುತ್ತಿತ್ತು. ಹೊತ್ತುಹೊತ್ತಿಗೆ ಅವಳನ್ನು ಬೋರಲು ತಿರುಗಿಸುತ್ತಿದ್ದೆ. ಅವಳ ಬೆನ್ನು ಏಳುವುದನ್ನು, ಇಳಿಯುವುದನ್ನು ನೋಡುವುದೇ ನನ್ನ ಕೆಲಸ. ಎದುರಿನ ಬೆಡ್ಡಿನ ಹೆಂಗಸು ಒಂದು ಬೆಳಿಗ್ಗೆ ಇರಲಿಲ್ಲ. ಹೊಸ ಬೆಡ್‌ಶೀಟ್ ಹಾಸಿದರು.

ಆಕ್ಸಿಜನ್ ಏರಿದಂತೆ ಅಂಗೈಯ ಮಾತು ನಿಂತಿತು. ಒಂದು ದಿನ ಕಣ್ಣು ಬಿಟ್ಟು, ಮಾಸ್ಕಿನೊಳಗಿಂದ ಕೇಳಿದಳು, "ಅಮ್ಮ, ನಾವು ಇಲ್ಲಿಗೆ ಯಾವಾಗ ಬಂದ್ವಿ?" ಆವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಪಳನಿಯಪ್ಪನ್ ಅವರನ್ನು ಮೀನಾಳ ಗುಂಪಿನವರು ಬೇರೊಂದು ಆಸ್ಪತ್ರೆಗೆ ಸೇರಿಸಿದ್ದರು. ಬದುಕಿದರು. ಧಾರಾಪುರಂಗೆ ಮಗಳ ಮನೆಗೆ ಹೋದಮೇಲೆ ಫೋನ್ ಮಾಡಿದರು. ನಾವೂ ಮನೆಗೆ ಬಂದಿದ್ದೆವು. ಶರಣ್ಯಾ ಮಾತಾಡಿದಳು. ಆಮೇಲೆ ಅವರು ನನ್ನನ್ನು ಕೇಳಿ ಫೋನ್ ಕೊಡಿಸಿಕೊಂಡರು. ಆಸ್ಪತ್ರೆಯಲ್ಲಿ ಎಲ್ಲರೂ ಅದು ಭ್ರಮೆ ಎಂದರಂತೆ. "ಅನ್ನಿಕ್ಕು ಪೇಸಿನದು ಪಾಪಾತಾನೇಮ್ಮಾ?" ಆವತ್ತು ಮಾತಾಡಿದ್ದು ಮಗುವೇ ತಾನೇ?

ದಿನಾ ಮಾತಾಡಿದವರಿಗೆ ಅದೇ ಮಾತು ತಲೆಯಲ್ಲಿ ಉಳಿದಿರುತ್ತದೆ. ಹಿತ್ತಲಲ್ಲಿ ನುಗ್ಗೆಮರ ಇದ್ದವರು ಲಾಕ್‌ಡೌನ್‌ನಲ್ಲಿ ದಿನಾ ಅದನ್ನೇ ಬೇಯಿಸುತ್ತಾರೆ. ಇದೆಲ್ಲ ನನಗೂ ಗೊತ್ತು.

"ಆಮಾಂಗಯ್ಯಾ, ಹೌದು, ಅವಳೇ," ಎಂದೆ.

ಶರಣ್ಯಾಗೆ ಆ ದಿನಗಳ ನೆನಪೇ ಇಲ್ಲ. ನಾನು ಹೇಳಿದಾಗ ಯಾರದೋ ಕಥೆಯಂತೆ ಕೇಳಿದಳು. ತಿಂಗಳುಗಟ್ಟಲೆ ಕೂದಲು ಉದುರಿತು. ಮೆಟ್ಟಿಲು ಹತ್ತಿದರೆ ನಡುವೆ ಕೂರುತ್ತಿದ್ದಳು. ಬೀದಿಯಲ್ಲಿ ಒಂದೊಂದೇ ಮಗ್ಗ ಶುರುವಾದಾಗ ಆ ಸದ್ದಿಗೆ ಬೆಚ್ಚುತ್ತಿದ್ದಳು. ಆದರೂ, ಊರ ಶಾಲೆಯಲ್ಲಿ ಲಸಿಕೆ ಕ್ಯಾಂಪ್ ಎಂದಾಗ ಕಾಲೇಜಿಗೆ ಹೆಸರು ಕೊಟ್ಟು ಬಂದಳು.

"ಇನ್ನ ಸಾಕು ತಾಯಿ," ಎಂದರು ಅವರಪ್ಪ.

"ಕೂತ್ಕೊಂಡ್ ಮಾಡೋ ಕೆಲ್ಸ ಅಪ್ಪ. ಜನ ಬರ್ತಾರೆ, ಹೆಸರು ಕೇಳ್ಬೇಕು, ಅಷ್ಟೇ."

ಅವರು ನನ್ನ ಮುಖ ನೋಡಿದರು. ಬೇಡ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಹೋಗಿ ಬರ್ಲಿ ಬಿಡಿ," ಎಂದೆ. ಅಂದಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನನಗೂ ಲಸಿಕೆ ಆಗಿರಲಿಲ್ಲ. ಹೋಗಿ ಸಾಲಿನಲ್ಲಿ ನಿಂತೆ.

ಶಾಲೆಯ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ನನ್ನ ಸರದಿ ಬಂತು. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಶೀಲ್ಡು ಹಾಕಿದ್ದ ಹುಡುಗಿ ತಲೆಯೆತ್ತಿ ನನ್ನನ್ನು ನೇರ ನೋಡಿದಳು.

"ಉಂಗ ಪೇರು ಎನ್ನಂಗಮ್ಮಾ?"

ಹೆತ್ತ ಮಗಳೇ ನನ್ನ ಹೆಸರು ಕೇಳುತ್ತಿದ್ದಳು. ಆ ಕಣ್ಣಲ್ಲಿ ಗುರುತೇ ಇರಲಿಲ್ಲ.

ಆಮೇಲೆ ಶೀಲ್ಡಿನ ಹಿಂದೆ ಕಣ್ಣಿನ ಅಂಚು ಮೆಲ್ಲಗೆ ಸುಕ್ಕಾಯಿತು. ನಗುತ್ತಿದ್ದಳು.

"ಗಿರಿಜಾ," ಎಂದೆ.

ಬರೆದುಕೊಂಡಳು. "ಒಳಗೆ ಹೋಗಿ ಕೂತ್ಕೊ ಅಮ್ಮ, ಬಿಸಿಲು," ಎಂದು ಕನ್ನಡದಲ್ಲಿ ಹೇಳಿ, ನನ್ನ ಹಿಂದೆ ನಿಂತಿದ್ದವರನ್ನು ಕರೆದಳು.