ರಘುನಂದನ್ ಮೇಷ್ಟ್ರ ಮನೆಯ ಅಡ್ಡಗೋಡೆ

ಚಿನಕುರಳಿಯ ರಘುನಂದನ್ ಮೇಷ್ಟ್ರಿಗೆ ಬ್ಯಾಕ್ಟೀರಿಯಾದ ಸಂಸಾರ ಗೊತ್ತಿದ್ದಷ್ಟು ಸ್ವಂತ ಸಂಸಾರ ಗೊತ್ತಿರಲಿಲ್ಲ. ಪಾಂಡವಪುರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪಾಠ ಮಾಡುತ್ತಿದ್ದರು. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ ತಾನು ಎರಡಾಗುವಾಗ ತನ್ನ ನಡುವನ್ನು ಹೇಗೆ ಪತ್ತೆಹಚ್ಚುತ್ತದೆ ಎಂಬುದರ ಮೇಲೆ ದಪ್ಪನೆಯ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಆ ವಿಷಯವನ್ನು ಕೇಳದವರಿಗೂ ಹೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಕ್ಷೌರದಂಗಡಿಯಲ್ಲಿ ಕತ್ತು ಕೊಟ್ಟು ಕೂತವರು, ತಿಥಿ ಊಟದ ಪಂಕ್ತಿಯಲ್ಲಿ ಸಿಕ್ಕಿಹಾಕಿಕೊಂಡವರು, ಎಲ್ಲರೂ ಪಾಠ ಮುಗಿದ ಮೇಲೆಯೇ ಎದ್ದವರು.

ಪಾಠ ಇಷ್ಟು. ಕೋಲಿನ ಆಕಾರದ ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಮೊದಲು ಅದರೊಳಗೆ ಪ್ರೋಟೀನಿನ ಒಂದು ಉಂಗುರ ಕಟ್ಟಿಕೊಳ್ಳಬೇಕು. ಉಂಗುರ ಕಟ್ಟಿದ ಕಡೆ ಅಡ್ಡಗೋಡೆ ಏಳುತ್ತದೆ. ಅದು ಕಂಡಕಂಡಲ್ಲಿ ಕಟ್ಟದ ಹಾಗೆ ನೋಡಿಕೊಳ್ಳಲು ಮಿನ್ ಎಂಬ ಪ್ರೋಟೀನುಗಳ ಗುಂಪಿದೆ. ಆ ಗುಂಪಿನ ಒಂದು ಜೋಡಿ ತುದಿಗೆ ಹೋಗಿ ಪೊರೆಗೆ ಅಂಟಿ ಕೂರುತ್ತದೆ. ಅದು ಕೂತ ಕಡೆ ಉಂಗುರ ಕಟ್ಟುವಂತಿಲ್ಲ. ಅಷ್ಟರಲ್ಲಿ ಅದೇ ಗುಂಪಿನ ಮೂರನೆಯದು ಬಂದು ಅದನ್ನು ಎಬ್ಬಿಸಿ ಓಡಿಸುತ್ತದೆ. ಅದು ಆಚೆ ತುದಿಗೆ ಹೋಗಿ ಕೂರುತ್ತದೆ, ಅಲ್ಲೂ ನೆಮ್ಮದಿಯಿಲ್ಲ, ಮತ್ತೆ ಓಡಿಬರುತ್ತದೆ. ಹೀಗೆ ಬಿಡುವಿಲ್ಲದೆ ಓಡಾಡುವುದರಿಂದ ಎರಡು ತುದಿಯಲ್ಲೂ ಕಾವಲು ಜಾಸ್ತಿ, ನಡುವೆ ಕಡಿಮೆ. ಹಾಗಾಗಿ ಉಂಗುರ ನಡುವಿನಲ್ಲೇ ಬೀಳುತ್ತದೆ.

"ಟೇಪಿಲ್ಲ, ಸರ್ವೇಯವ್ರಿಲ್ಲ, ಪಂಚಾಯ್ತಿ ಇಲ್ಲ. ಅಂಗೇ ನಡ ಸಿಕ್ಬುಡ್ತದೆ ಕಣ್ರಲಾ" ಎಂದು ಮೇಷ್ಟ್ರು ಕೊನೆಗೆ ಕೈಯೆತ್ತಿ ಹೇಳುತ್ತಿದ್ದರು, ಆ ಏರ್ಪಾಡನ್ನು ತಾವೇ ನಿಂತು ಮಾಡಿಸಿದವರ ಹಾಗೆ.

ಅವರ ಮನೆಯೂ ಬಸ್ಸಿನ ರಸ್ತೆಯಿಂದ ಹಿಂದಿನ ಓಣಿಯವರೆಗೆ ಉದ್ದಕ್ಕೆ ಚಾಚಿಕೊಂಡ ಹೆಂಚಿನ ಮನೆ. ರಸ್ತೆಯ ಕಡೆಯ ಎರಡು ಕೋಣೆಗಳಲ್ಲಿ ಮೇಷ್ಟ್ರು ಮತ್ತು ಹೆಂಡತಿ ಪ್ರಮೀಳಾ. ಹಿಂದೆ, ಕೊಟ್ಟಿಗೆಗೆ ಅಂಟಿದಂತೆ, ಬೇಸಾಯ ಮಾಡಿ ಡೈರಿಗೆ ಹಾಲು ಹಾಕುವ ಅಣ್ಣ ರಂಗಸ್ವಾಮಿ ಮತ್ತು ಅವನ ಹೆಂಡತಿ ಪುಟ್ಟಗೌರಮ್ಮ. ನಡುಮನೆಯಲ್ಲಿ ಮನೆದೇವರ ದೀಪವಿಡುವ ಕಂಬ, ಅದರಾಚೆ ಅಡುಗೆಮನೆ. ಇಷ್ಟರ ಉದ್ದಕ್ಕೂ ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿದ್ದವರು ತಾಯಿ ಬೈರಮ್ಮ.

ಹಾಲು ಹಿಡಿದು ಮುಂದಕ್ಕೆ ಬರುವರು. ಪ್ರಮೀಳಾ ಅದೇ ತಾನೇ ಕೊಟ್ಟಿಗೆಯ ವಾಸನೆಯ ಬಗ್ಗೆ ಗಂಡನ ಕಿವಿ ಕಚ್ಚುತ್ತಿದ್ದವಳು ಬಾಯಿ ಮುಚ್ಚುವಳು. ಸ್ವಲ್ಪ ಹೊತ್ತಿಗೆ, "ಅತ್ತೆ, ಹಸ ಕೂಗ್ತಾ ಅದೆ ನೋಡಿ" ಎಂದು ಉಪಾಯವಾಗಿ ಎಬ್ಬಿಸುವಳು. ಬೈರಮ್ಮ ಹಿಂದಕ್ಕೆ ಹೋಗುವರು. ಅಲ್ಲಿ ಓದಿದ ಮೈದುನನ ಗತ್ತಿನ ಬಗ್ಗೆ ಶುರುವಾಗಿದ್ದ ಮಾತು ನಿಲ್ಲುವುದು. ಪುಟ್ಟಗೌರಮ್ಮನೂ ಬಿಡುತ್ತಿರಲಿಲ್ಲ, "ಅತ್ತೆ, ಮುಂದ್ಲವ್ರಿಗೆ ಸೊಪ್ಪಿನ ಸಾರು ಕೊಟ್ಬುಟ್ಟು ಬನ್ನಿ" ಎಂದು ಓಡಿಸುವಳು. ಇಬ್ಬರು ಸೊಸೆಯರೂ ಅತ್ತೆಯನ್ನು ಎಬ್ಬಿಸುವುದರಲ್ಲಿ ಒಂದೇ. ಆದರೆ ಆಕೆ ಇದ್ದ ಕಡೆ ಪಾಲಿನ ಮಾತೆತ್ತಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ಮತ್ತು ಆಕೆ ಎಲ್ಲ ಕಡೆಯೂ ಇರುತ್ತಿದ್ದರು. ಮನೆ ಒಂದಾಗಿ ಉಳಿದದ್ದು ಹಾಗೆ. ಇದನ್ನು ಕಾಣಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ, ಹಾಗಾಗಿ ಮೇಷ್ಟ್ರಿಗೆ ಕಾಣಲಿಲ್ಲ.

ಮುಂದಿನ ಕೋಣೆಗಳಿಗೆ ಮೇಷ್ಟ್ರು ಬಿಳಿಯ ಟೈಲ್ಸ್ ಹಾಕಿಸಿದರು. ಬೈರಮ್ಮನ ಸಗಣಿ ಕಾಲಿನ ಗುರುತು ಅದರ ಮೇಲೆ ಚೆನ್ನಾಗಿ ಮೂಡುತ್ತಿತ್ತು. ಟೈಲ್ಸಿನ ಮಾತನ್ನು ತಾಯಿಗೆ ಹೇಳುವುದುಂಟೆ? ಮೇಷ್ಟ್ರು ವಿದ್ಯಾವಂತರು. ಮಂಡಿಯ ಮಾತೆತ್ತಿದರು.

"ಕೀಲು ಸವೆದೋಗ್ಬುಟ್ಟದೆ ಕಣವ್ವ. ಇನ್ನು ಓಡಾಡ್ಬ್ಯಾಡ. ಒಂದ್ಕಡೆ ಕೂತ್ಕೊ."

ಅಡುಗೆಮನೆಯ ಪಕ್ಕದಲ್ಲಿ ಒಂದು ಒರಗು ಕುರ್ಚಿ ತಂದು ಹಾಕಿದರು. ಬೈರಮ್ಮ ಮಗನ ಮುಖ ನೋಡಿದರು, ಟೈಲ್ಸಿನ ಕಡೆ ನೋಡಿದರು, ಹೋಗಿ ಕೂತರು. ಅಮ್ಮನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಮೇಷ್ಟ್ರಿಗೆ ಅಂದು ಬಹಳ ಸಮಾಧಾನವಾಯಿತು.

ಅಲ್ಲಿಗೆ ಮನೆಯ ಮುಂದಿನ ತುದಿಗೆ ಕಾವಲಿಲ್ಲದಾಯಿತು. ಪ್ರಮೀಳಾಳ ಮಾತು ಈಗ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ರಸ್ತೆಗೆ ಮುಖವಿರುವ ಕೋಣೆ, ಟ್ಯೂಷನ್ನಿಗೆ ಬೋರ್ಡು, ವಾಸನೆಯಿಲ್ಲದ ಬದುಕು. ಶ್ರಾವಣ ಕಳೆಯುವ ಹೊತ್ತಿಗೆ ಮೇಷ್ಟ್ರು ಅಣ್ಣನ ಮುಂದೆ ಪಾಲು ಕೇಳಿಯೇಬಿಟ್ಟರು.

ಊರಿನ ಹಿರಿಯರಾದ ಶಿವಲಿಂಗಯ್ಯ ಪಂಚಾಯ್ತಿಗೆ ಬಂದರು. ನಡುಮನೆಯ ಮಧ್ಯಕ್ಕೆ ಗೋಡೆ ಹಾಕೋಣ, ಇಬ್ಬರಿಗೂ ಸಮ ಆಗುತ್ತದೆ ಎಂದ ರಂಗಸ್ವಾಮಿ. ಶಿವಲಿಂಗಯ್ಯ ಒಪ್ಪದೆ ತಲೆಯಾಡಿಸಿದರು. "ದೀಪದ ಕಂಬಕ್ಕೆ ಗ್ವಾಡೆ ಮುಟ್ಟಿಸಂಗಿಲ್ಲ ಕಣಪ್ಪ. ಈಚೆಗೋ ಆಚೆಗೋ ಬುಟ್ಟು ಆಕ್ಬೇಕು." ಬ್ಯಾಕ್ಟೀರಿಯಾದಲ್ಲೂ ವಂಶದ ಗುಟ್ಟೆಲ್ಲ ಹೊತ್ತ ವರ್ಣತಂತು ಇರುವ ಜಾಗದ ಮೇಲೆ ಉಂಗುರ ಬೀಳದಂತೆ ಇನ್ನೊಂದು ಕಾವಲಿದೆ ಎಂದು ಮೇಷ್ಟ್ರು ವಿವರಿಸಲು ಹೊರಟರು. ಶಿವಲಿಂಗಯ್ಯ ಕಾಫಿ ತರಿಸಲು ಹೇಳಿದರು.

ಆಗ ಮೇಷ್ಟ್ರು ತ್ಯಾಗ ಮಾಡಿದರು. "ನಂಗೆ ಮುಂದ್ಲ ಎರಡು ಕ್ವಾಣೆ ಸಾಕು ಅಣ್ಣ. ದೊಡ್ಡ ಪಾಲು ನೀನೇ ತಕ." ರಸ್ತೆ ಬದಿಯ ಎರಡು ಕೋಣೆಯ ಬೆಲೆ ಏನೆಂದು ತಿಳಿಯದ ರಂಗಸ್ವಾಮಿ ಕಣ್ಣೊರೆಸಿಕೊಂಡ. ತಿಳಿದ ಶಿವಲಿಂಗಯ್ಯ ಮೀಸೆಯಡಿಯಲ್ಲಿ ನಕ್ಕರು. ತಾಯಿ ತಮ್ಮ ಜೊತೆಯೇ ಬರುತ್ತಾಳೆ ಎಂಬುದರಲ್ಲಿ ಮೇಷ್ಟ್ರಿಗೆ ಅನುಮಾನವೇ ಇರಲಿಲ್ಲ. ಕಿರಿಯ ಮಗ, ಓದಿದ ಮಗ, ಮೇಲಾಗಿ ಕಮೋಡು ಹಾಕಿಸಿದ ಮಗ.

"ನೀನ್ಯಾರ ತಾವಿರ್ತೀಯೆ ಬೈರಕ್ಕ?" ಎಂದು ಶಿವಲಿಂಗಯ್ಯ ಕೇಳಿದರು.

"ಒಲೆ ಇರೋ ತಾವು. ದೀಪ ಇರೋ ತಾವು."

"ಅವ್ವ, ನಾನು..." ಎಂದರು ಮೇಷ್ಟ್ರು.

"ನೀನೇ ಅಲ್ವೇನ್ಲಾ ಮಗ, ಒಂದ್ಕಡೆ ಕೂತ್ಕೊ ಅಂದೋನು? ಕೂತಿವ್ನಿ."

ಪಾಲಹಳ್ಳಿಯಿಂದ ಬಂದ ಗಾರೆಯವನು ಗೋಡೆಯಲ್ಲಿ ಬಾಗಿಲು ಬಿಡಬೇಕೇ ಎಂದು ಕೇಳಿದ. ಪ್ರಮೀಳಾ ಮೂಗು ಮುಚ್ಚಿ ತೋರಿಸಿದಳು. ಬೇಡ ಎಂದರು ಮೇಷ್ಟ್ರು. ಗೋಡೆ ಹೆಂಚಿನವರೆಗೆ ಏರಿತು. ಇನ್ನು ಅಣ್ಣನ ಮನೆಗೆ ಹೋಗಬೇಕಾದರೆ ರಸ್ತೆ ಬಳಸಿ, ಓಣಿ ಹೊಕ್ಕು, ತಿಪ್ಪೆ ದಾಟಿ, ಕೊಟ್ಟಿಗೆಯ ಮೂಲಕವೇ ಹೋಗಬೇಕು.

ಕಾಲೇಜಿನಲ್ಲಿ ಆ ವಾರ ಅದೇ ಪಾಠ. ಮಿನ್ ಪ್ರೋಟೀನುಗಳ ಓಟ ನಿಂತರೆ ಏನಾಗುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದರು. ತುದಿಗೆ ಕಾವಲಿಲ್ಲ, ಉಂಗುರ ತುದಿಯಲ್ಲೇ ಕಟ್ಟುತ್ತದೆ, ಗೋಡೆ ಎದ್ದು ಒಂದು ಪುಟ್ಟ ಕೋಶ ಕಳಚಿಕೊಳ್ಳುತ್ತದೆ. ವರ್ಣತಂತು ಪೂರ್ತಿ ದೊಡ್ಡ ಭಾಗದಲ್ಲೇ ಉಳಿದಿರುತ್ತದೆ. ಅವರ ಪ್ರಬಂಧದ ಒಂದಿಡೀ ಅಧ್ಯಾಯ ಈ ಪುಟ್ಟ ಕೋಶದ ಮೇಲೆಯೇ ಇತ್ತು.

ಮುಂದಿನ ಬೆಂಚಿನ ಪ್ರಿಯಾಂಕ ಕೇಳಿದಳು. "ಅದು ಬದುಕುತ್ತಾ ಸರ್?"

"ಸ್ವಲ್ಪ ಕಾಲ. ಬೆಳೆಯಲ್ಲ, ಎರಡಾಗಲ್ಲ. ತಾಯಿಕೋಶದಿಂದ ಬಂದದ್ದು ಮುಗಿಯೋವರೆಗೆ..."

ಮಕ್ಕಳು ಬರೆದುಕೊಳ್ಳಲು ಕಾಯುತ್ತಿದ್ದಾರೆಂದು ಅವರಿಗೆ ತಡವಾಗಿ ಗೊತ್ತಾಯಿತು.

ಸಂಜೆ ಮನೆಗೆ ಬಂದು ಮೊಸರನ್ನಕ್ಕೆ ಕೂತರು. ಪ್ರಮೀಳಾ ತವರೂರು ಅಕ್ಕಿಹೆಬ್ಬಾಳಿಗೆ ಹೋಗಿದ್ದಳು. ಪಾಲಾದ ದಿನ ಬೈರಮ್ಮ ಕೈಗಿಟ್ಟಿದ್ದ ಉಪ್ಪಿನಕಾಯಿಯ ಜಾಡಿಗೆ ಚಮಚ ಹಾಕಿದರೆ ತಳ ಸಿಕ್ಕಿತು. ಮಸಾಲೆಯನ್ನು ಕೆರೆಯುತ್ತಿದ್ದಾಗ ಗೋಡೆಯ ಆಚೆಯಿಂದ ಹೆಜ್ಜೆಯ ಸದ್ದು ಬಂತು. ಕೊಟ್ಟಿಗೆಯ ಕಡೆಯಿಂದ ಹತ್ತಿರ ಬಂದು, ಗೋಡೆಯ ಬುಡದಲ್ಲಿ ಒಂದು ಗಳಿಗೆ ನಿಂತು, ಹಿಂದಿರುಗಿ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಒರಗು ಕುರ್ಚಿ ಖಾಲಿ ಬಿದ್ದಿರಬೇಕು. ಸವೆದ ಕೀಲು ಹೀಗೆ ನಡೆಯುವುದಿಲ್ಲ. ಮೇಷ್ಟ್ರಿಗೆ ಚಿಕ್ಕ ಹುಡುಗನ ಹಾಗೆ ಅಳು ಬಂತು.

"ಅವ್ವ" ಎಂದರು ಗೋಡೆಗೆ.

ಹೆಜ್ಜೆ ನಿಂತಿತು. ತೊಲೆಗಳ ಸಂದಿಯಿಂದ ದನಿ ಬಂತು. "ಏನ್ಲಾ ಮಗ?"

"ಉಪ್ಪಿನಕಾಯಿ ಮುಗೀತು ಕಣವ್ವ."

"ಸುತ್ತಾಕ್ಕೊಂಡು ಬಂದು ಈಸ್ಕೊಂಡೋಗು. ಅಷ್ಟು ದೂರ ತಂದ್ಕೊಡನಾ ಅಂದ್ರೆ, ನನ್ ಮಂಡಿ ಸವೆದೋಗ್ಬುಟ್ಟದಂತಲ್ಲಪ್ಪ."

ಹೆಜ್ಜೆಗಳು ಚುರುಕಾಗಿ ಕೊಟ್ಟಿಗೆಯ ಕಡೆಗೆ ಹೊರಟುಹೋದವು.