ಇಪ್ಪತ್ತೆರಡು ಲೋಟ ಕಾಫಿ ಮತ್ತು ಎಡ್ವಿನನ ಯಂತ್ರ

ಪ್ರಿಯರೇ, ಕೈಯಲ್ಲಿರುವ ಫೋನನ್ನು ಸ್ವಲ್ಪ ಹೊತ್ತು ಬೋರಲಾಗಿಟ್ಟು ಕಿವಿಗೊಟ್ಟು ಕೇಳಿ. ಇದು ಅಲೆವೂರಿನ ಗ್ಲ್ಯಾಡಿಸಳ ಕಥೆ. ಆಕೆಯ ನಾಲಿಗೆ ಹರಿತ, ಸಿಟ್ಟು ಮೂಗಿನ ತುದಿಯಲ್ಲೇ. ದೇವರು ಆಕೆಗೆ ಧಾರಾಳವಾಗಿ ಕೊಟ್ಟ ವರ ಒಂದೇ: ಹುಸಿಯನ್ನು ಕಂಡೊಡನೆ ಹುಸಿಯೆಂದು ಗುರುತಿಸುವುದು.

ಗ್ಲ್ಯಾಡಿಸಳಿಗೆ ಈಗ ಅರವತ್ತಮೂರು. ಮಣಿಪಾಲದ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ದಿನ ಬೆಳಗಾದರೆ ನೂರನಾಲ್ವತ್ತು ಲೋಟ ಕಾಫಿ. ಅದಕ್ಕೆ ಆಕೆಯ ಬಳಿ ಇದ್ದದ್ದು ಒಂದು ದೊಡ್ಡ ಪಾತ್ರೆ, ತಂತಿಯ ಬಳೆಗೆ ಹೊಲಿದ ಒಂದು ಬಟ್ಟೆಯ ಚೀಲ. ತಮ್ಮ ಎಡ್ವಿನನ ಹೆಂಡತಿ ತೀರಿಕೊಂಡಾಗ ಮಗು ರೇಚಲ್‌ಗೆ ನಾಲ್ಕು ವರ್ಷ. ಅಂದಿನಿಂದ ಗ್ಲ್ಯಾಡಿಸ್ ತನ್ನ ಮದುವೆಯ ಯೋಚನೆಯನ್ನು ಮಡಚಿಟ್ಟು ಆ ಮಗುವನ್ನು ಬೆಳೆಸಿದಳು. ರೇಚಲ್ ಆಕೆಯನ್ನು ಕೊಂಕಣಿ ಕ್ರಮದಂತೆ ಆಕಯ್, ಎಂದರೆ ಸೋದರತ್ತೆ, ಎಂದು ಕರೆಯುತ್ತಾಳೆ. ಮಮತೆಯಲ್ಲಿ ಮಾತ್ರ ತಾಯಿಗಿಂತ ಒಂದು ತೂಕ ಕಡಿಮೆಯಿಲ್ಲ.

ಕಡಿಯಾಳಿಯ ಶಾಲೆಯಲ್ಲಿ ಪಾಠ ಹೇಳುವ ರೇಚಲ್, ಕಾರ್ಕಳದ ಟ್ರೆವರ್ ಎಂಬವನನ್ನು ಮೆಚ್ಚಿದಳು. ಎಲ್ಲರೂ ಒಪ್ಪಿದರು. ಉಳಿದದ್ದು ಹುಡುಗನ ಅಜ್ಜ ಅಲೆಕ್ಸಾಂಡರರ ಒಪ್ಪಿಗೆ. ಭಾನುವಾರದ ಪೂಜೆ ಮುಗಿಸಿ ಅವರ ಕಡೆಯ ಇಪ್ಪತ್ತೆರಡು ಮಂದಿ ಸಂಬಂಧ ಮಾತಾಡಲು ಬರುವುದೆಂದು ನಿಶ್ಚಯವಾಯಿತು. ಆ ಮನೆತನದಲ್ಲಿ ಒಂದು ಹಳೆಯ ಕಟ್ಟು ಉಂಟು. ಬಂದ ಹಿರಿಯರೆಲ್ಲರೂ ಕಾಫಿ ಕುಡಿದು ಲೋಟ ಕೆಳಗಿಡುವವರೆಗೆ ಯಾರೂ ವಿಷಯ ಎತ್ತುವಂತಿಲ್ಲ. ಹಿರಿಯರು ಕುಡಿಯದೆ ಎದ್ದರೆ ಸಂಬಂಧ ಬೇಡವೆಂದೇ ಅರ್ಥ, ಮರುಮಾತಿಲ್ಲ.

ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಎಡ್ವಿನನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಶನಿವಾರ ಸಂಜೆ ಮಣಿಪಾಲದಿಂದ ಒಂದು ಪೆಟ್ಟಿಗೆ ಹೊತ್ತು ತಂದ. ಬಿಚ್ಚಿದರೆ ಕನ್ನಡಿಯಂತೆ ಹೊಳೆಯುವ ಕಾಫಿ ಯಂತ್ರ. ಅದಕ್ಕೆ ಕಸೂತಿ ಮಾಡಿದ ಮೇಜುವಸ್ತ್ರ ಬೇರೆ!

"ಬಾಯ್, ನಾಳೆ ನಿನ್ನ ಆ ಬಟ್ಟೆಯ ಚೀಲ ಯಾರ ಕಣ್ಣಿಗೂ ಬೀಳಬಾರದು," ಎಂದು ಅಕ್ಕನನ್ನು ಕೊಂಕಣಿಯಲ್ಲೇ ಕರೆದು ಹೇಳಿದ. "ಅವರಲ್ಲಿ ದುಬೈಯಲ್ಲಿದ್ದು ಬಂದವರು ಉಂಟು. ಕಾಲ್ಚೀಲದಲ್ಲಿ ಸೋಸಿದ ಕಾಫಿ ಅಂತ ನಗುತ್ತಾರೆ."

"ನಗಲಿ ಮಾರಾಯ, ಕುಡಿದು ನಗಲಿ. ಇದಕ್ಕೆ ಎಷ್ಟು ಕೊಟ್ಟೆ?"

"ಎಂಬತ್ತೈದು ಸಾವಿರ. ಇಟಲಿಯದ್ದು."

"ಇಟಲಿಯದ್ದೇ ಬೇಕಿದ್ದರೆ ಒಲೆಯ ಮೇಲೆ ಇಡುವ ಸಣ್ಣ ಕೆಟ್ಲು ಸಿಗುತ್ತದಲ್ವಾ? ಹಾಸ್ಟೆಲಿನಲ್ಲಿ ಒಬ್ಬಳು ಇಟ್ಟುಕೊಂಡಿದ್ದಳು. ಕೆಳಗೆ ನೀರು, ನಡುವೆ ಪುಡಿ. ಆವಿ ಒತ್ತಿದರೆ ಡಿಕಾಕ್ಷನ್ ಮೇಲೆ ಬರುತ್ತದೆ. ಸಾವಿರದೈನೂರು ರೂಪಾಯಿ. ಇನ್ನೊಬ್ಬಳದ್ದು ಗಾಜಿನ ಪಾತ್ರೆ, ಜಾಲರಿಯನ್ನು ಕೈಯಲ್ಲಿ ಒತ್ತುವುದು. ಅದು ಏಳುನೂರು. ನಮ್ಮ ಸ್ಟೀಲ್ ಫಿಲ್ಟರಿಗೆ ನಾಲ್ಕುನೂರು ಹೆಚ್ಚಾಯಿತು. ನಿನ್ನದು ಎಂತ ಮಾಡುತ್ತದೆ, ಪಾಪ ಕ್ಷಮಿಸುತ್ತದಾ?"

"ಗುಂಡಿ ಒತ್ತಿದರೆ ಸಾಕು, ಕಾಫಿ ಬರುತ್ತದೆ."

"ಗುಂಡಿ ಒತ್ತುವುದಕ್ಕೆ ಎಂಬತ್ತೈದು ಸಾವಿರ! ನಿನ್ನ ಬೆರಳು ಅಷ್ಟು ದುಬಾರಿಯಾ?"

ಇನ್ನೂ ಹೇಳುವವಳಿದ್ದಳು. ರೇಚಲ್ ಬಂದು ಕೈ ಹಿಡಿದಳು. "ಆಕಯ್, ಪಪ್ಪನಿಗೆ ಬೇಸರ ಮಾಡಬೇಡಿ. ನಾಳೆ ಒಂದು ದಿನ ಅಲ್ವಾ?" ಗ್ಲ್ಯಾಡಿಸ್ ಬಾಯಿ ಮುಚ್ಚಿಕೊಂಡಳು. ಆಕೆಗೆ ಅದಕ್ಕಿಂತ ದೊಡ್ಡ ಉಪವಾಸವಿಲ್ಲ.

ಭಾನುವಾರ ಹುಡುಗನ ಕಡೆಯವರು ಬಂದು ಜಗಲಿಯಲ್ಲಿ ಕುಳಿತರು. ಎಂಬತ್ತೊಂದರ ಅಲೆಕ್ಸಾಂಡರರು ನಡುವಿನ ಕುರ್ಚಿಯಲ್ಲಿ, ಊರುಗೋಲು ಮೊಣಕಾಲಿಗೆ ಒರಗಿಸಿ. ಎಡ್ವಿನ್ ಹೋಟೆಲಿನ ಮಾಣಿಯಂತೆ ಬಾಗಿದ.

"ಅಂಕಲ್, ನಿಮಗೆ ಯಾವುದು? ಕಪುಚಿನೊ, ಲಾಟೆ, ಎಸ್ಪ್ರೆಸೊ?"

"ಕಾಫಿ," ಎಂದರು ಅವರು.

ಯಂತ್ರ ಮರದ ಮಿಲ್ಲಿನಂತೆ ಅಬ್ಬರಿಸಿತು. ಅಷ್ಟೂ ಆರ್ಭಟದಿಂದ ಹುಟ್ಟಿದ್ದು ಹೆಬ್ಬೆರಳಿನಷ್ಟು ಬಟ್ಟಲಿನ ತಳದಲ್ಲಿ ಎರಡು ಗುಟುಕು ಕಪ್ಪು ನೀರು.

ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದೆಂತ ಮಾರಾಯ, ಮದ್ದಾ? ಊಟಕ್ಕೆ ಮೊದಲಾ, ಅನಂತರವಾ?"

ಎಲ್ಲರೂ ನಕ್ಕರು. ಎಡ್ವಿನ್ ಮಾತ್ರ ಬೆವರೊರೆಸಿಕೊಂಡು ಮತ್ತೆ ಗುಂಡಿ ಒತ್ತಿದ. ಒಂದು ಬಟ್ಟಲಿಗೆ ಎರಡೂವರೆ ನಿಮಿಷ. ಮೊದಲು ಕೊಟ್ಟದ್ದು ಆರುತ್ತಿತ್ತು, ಕೊನೆಯವರಿಗೆ ಇನ್ನೂ ಬಂದಿರಲಿಲ್ಲ. ಎಲ್ಲರಿಗೂ ಸಿಗದೆ ತಾವು ಬಾಯಿಗಿಡುವುದಿಲ್ಲವೆಂದು ಅಜ್ಜ ಬಟ್ಟಲನ್ನು ಕೆಳಗಿಟ್ಟರು. ಹತ್ತನೆಯ ಬಟ್ಟಲು ತುಂಬಿದೊಡನೆ ಯಂತ್ರ ಕೆಂಪು ದೀಪ ತೋರಿಸಿ ನಿಂತಿತು. ಬಟ್ಟಲಿಗೊಂದರಂತೆ ಅದಕ್ಕೆ ತುಂಬುವ ಪುಡಿಯ ಪುಟ್ಟ ಡಬ್ಬಿಗಳು ಹದಿನಾರೇ ಇದ್ದವು. ಆರನ್ನು ಎಡ್ವಿನ್ ಶನಿವಾರವೇ ಅಭ್ಯಾಸಕ್ಕೆಂದು ಮುಗಿಸಿದ್ದ. ಇಪ್ಪತ್ತೆರಡು ಅತಿಥಿಗಳನ್ನು ಕರೆದು ಹತ್ತು ಬಟ್ಟಲಿಗೆ ಸಿದ್ಧನಾದ ಈ ಬುದ್ಧಿವಂತನನ್ನು ಏನೆನ್ನೋಣ! ಡಂಬ ಹೊಕ್ಕ ಮನೆಯಲ್ಲಿ ಎಣಿಕೆಯೂ ಕೈಕೊಡುತ್ತದೆ.

ಅಜ್ಜ ಗಡಿಯಾರ ನೋಡಿದರು. ಕೈ ಊರುಗೋಲನ್ನು ತಡವಿತು. ಬಾಗಿಲ ಪರದೆಯ ಹಿಂದೆ ರೇಚಲಳ ಮುಖ ಬಿಳಿಚಿಕೊಂಡದ್ದನ್ನು ಗ್ಲ್ಯಾಡಿಸ್ ಕಂಡಳು. ಆ ಮುದುಕ ಎದ್ದು ನಿಂತರೆ ಮಗಳ ಬಾಳು ನಿಂತಂತೆಯೇ. ಆಕೆ ಸೆರಗು ಸಿಕ್ಕಿಸಿ ಜಗಲಿಗೆ ನಡೆದಳು.

"ಕುಳಿತುಕೊಳ್ಳಿ, ಹಿರಿಯರೇ. ಈ ಮನೆಯಲ್ಲಿ ಕಾಫಿ ಇನ್ನೂ ಆಗಿಲ್ಲ."

"ಹಾಗಾದರೆ ಇಷ್ಟು ಹೊತ್ತು ಬೊಬ್ಬೆ ಹೊಡೆದದ್ದು ಎಂತ?"

"ಅದು ನನ್ನ ತಮ್ಮನ ಆಟದ ಸಾಮಾನು. ಹತ್ತು ನಿಮಿಷ ಕೊಡಿ."

"ಹತ್ತು. ಹನ್ನೊಂದಾದರೆ ನಾನು ಎದ್ದೆ."

ಗ್ಲ್ಯಾಡಿಸ್ ಎರಡು ಒಲೆ ಹೊತ್ತಿಸಿದಳು: ಒಂದರಲ್ಲಿ ನೀರು, ಇನ್ನೊಂದರಲ್ಲಿ ಹಾಲು. ನೀರು ಕುದಿದೊಡನೆ ಉರಿ ಆರಿಸಿ, ಕೊತಕೊತ ಅಡಗುವವರೆಗೆ ತಾಳಿದಳು. ಕುದಿಯುವ ನೀರಿಗೆ ಬಿದ್ದ ಪುಡಿ ಕಹಿಯಾಗುತ್ತದೆ. ಅನಂತರ ಸುರಿದದ್ದು ಉಡುಪಿಯಲ್ಲಿ ಕಣ್ಣೆದುರೇ ಹುರಿದು ಬೀಸಿಸಿದ ಪುಡಿ, ಚಿಕೋರಿ ಹೆಸರಿಗಷ್ಟೇ. ಒಮ್ಮೆ ಕದಡಿ ಮುಚ್ಚಳ ಮುಚ್ಚಿದಳು. ನಾಲ್ಕು ನಿಮಿಷ, ಎಂದರೆ ಆಕೆಯ ಲೆಕ್ಕದಲ್ಲಿ ಹದಿನಾರು ನಮೋ ಮರಿಯೆ ಪ್ರಾರ್ಥನೆ. ಬಿಸಿನೀರಿನಲ್ಲಿ ಅದ್ದಿದ ಚೀಲದಲ್ಲಿ ಸೋಸಿದಳು. ತಾನಾಗಿ ಇಳಿದಷ್ಟೇ, ಹಿಂಡಲಿಲ್ಲ. ಹಾಲು ಬೆರೆಸಿ ತುಂಬಿದ ಇಪ್ಪತ್ತೆರಡು ಸ್ಟೀಲ್ ಲೋಟಗಳು ಎರಡು ತಟ್ಟೆಗಳಲ್ಲಿ ಹೊಗೆಯಾಡುತ್ತ ಒಟ್ಟಿಗೆ ಹೊರಟವು. ಒಂಬತ್ತು ನಿಮಿಷ ಆಗಿತ್ತು.

ಅಜ್ಜ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅರ್ಧ ಲೋಟ ಖಾಲಿ ಮಾಡಿ ಕೇಳಿದರು: "ಇದನ್ನು ಮಾಡಿದ್ದು ಹುಡುಗಿಯಾ?"

ಎಡ್ವಿನ್ ಹೌದೆನ್ನುವಂತೆ ಕಣ್ಸನ್ನೆ ಮಾಡಿದ. ಒಂದು ಸಣ್ಣ ಸುಳ್ಳಿನಿಂದ ಎಲ್ಲವೂ ಸುಸೂತ್ರವಾಗುವ ಗಳಿಗೆ ಅದು. ಗ್ಲ್ಯಾಡಿಸ್ ತಮ್ಮನತ್ತ ತಿರುಗಿಯೂ ನೋಡಲಿಲ್ಲ.

"ನಾನು ಮಾಡಿದ್ದು. ಅವಳಿಗೆ ಇನ್ನೂ ಬರುವುದಿಲ್ಲ. ಅವಸರ ಜಾಸ್ತಿ, ಚೀಲ ಹಿಂಡುತ್ತಾಳೆ."

ಅಜ್ಜನ ಹೊಟ್ಟೆ ನಗುವಿನಿಂದ ಕುಲುಕಿತು. "ನನ್ನ ಹೆಂಡತಿಯೂ ಹಿಂಡುತ್ತಿದ್ದಳು. ಐವತ್ತು ವರ್ಷ ಕಹಿ ಕುಡಿದೆ, ಸಾಯಲಿಲ್ಲ. ಇರಲಿ, ಇಲ್ಲಿ ಸುಳ್ಳು ಹೇಳದವರು ಒಬ್ಬರಾದರೂ ಇದ್ದಾರಲ್ಲ." ಉಳಿದದ್ದನ್ನು ಕುಡಿದು ಲೋಟ ಕೆಳಗಿಟ್ಟರು. ಎಲ್ಲರ ಲೋಟಗಳೂ ಒಂದೊಂದಾಗಿ ನೆಲ ಮುಟ್ಟಿದವು. "ಈಗ ಹೇಳಿ, ಮದುವೆ ಈಸ್ಟರ್ ಕಳೆದ ಮೇಲೆ ಇಡುವುದಾ?"

ಪ್ರಿಯರೇ, ಆ ಯಂತ್ರದಂಥವು ಇಂದು ಮನೆಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಅವನ್ನು ಕೊಂಡವರು ಅದನ್ನು ಒಪ್ಪಿಕೊಳ್ಳಲೂ ನಾಚುತ್ತಾರೆ. ಬಂದವರಿಗೆ ಬೇಕಾದದ್ದು ಬಿಸಿ ಕಾಫಿ, ನಿಜವಾದ ಮಾತು. ನಾಳೆ ನಿಮ್ಮ ಬಾಗಿಲಿಗೂ ಯಾರಾದರೂ ಬಂದಾರು. ದಯವಿಟ್ಟು ನೀರಿಡಿ, ತಾಳ್ಮೆಯಿಂದ ಸೋಸಿ, ಎಲ್ಲರಿಗೂ ಒಟ್ಟಿಗೆ ಕೊಡಿ. ಮಾಡಿದ್ದು ಯಾರೆಂದು ಕೇಳಿದರೆ, ಗ್ಲ್ಯಾಡಿಸಳಂತೆ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿ.