ಮೀಸೆಯೊಳಗಿನ ಸೀಸ

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ಹತ್ತು ಜನರ ಎದುರು, ಮೀಸೆ ಮೇಸ್ತ್ರಿಯ ಮಾನ ತೆಗೆದದ್ದು ಅವನ ಮಗಳೇ. "ಕೈ ತೊಳೀತೀನಿ, ಬಟ್ಟೆ ಬದಲಾಯಿಸ್ತೀನಿ, ಸೀಸದ ಒಂದು ಕಣಾನೂ ಮಗು ಹತ್ರ ಹೋಗಲ್ಲ ಸಿಸ್ಟರ್" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದಂತೆಯೇ, ತೊಡೆಯ ಮೇಲಿದ್ದ ಎರಡು ವರ್ಷದ ಪುಟ್ಟಿ ಅಪ್ಪನ ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಬೆರಳುಗಳನ್ನು ಬಾಯಿಗಿಟ್ಟು ಚೀಪತೊಡಗಿದಳು.

ನರ್ಸಮ್ಮ ಒದ್ದೆ ಬಿಳಿ ಬಟ್ಟೆಯಿಂದ ಮೀಸೆ ಒರೆಸಿದರು. ಬಟ್ಟೆ ಬೂದುಬಣ್ಣಕ್ಕೆ ತಿರುಗಿತು.

"ಇದನ್ನ ಯಾವಾಗ ತೊಳೀತೀರಿ?"

"ಸೋಪು ತಾಗಿದ್ರೆ ಬಿರುಸು ಹೋಗುತ್ತೆ ಸಿಸ್ಟರ್. ಎಣ್ಣೆ ಹಚ್ತೀನಿ."

"ಧೂಳು ಹಿಡಿಯೋಕೆ ಅಂಟು ಬೇರೆ!" ಎಂದಳು ಹೆಂಡತಿ. ಸಾಲಿನಲ್ಲಿದ್ದ ತಾಯಂದಿರೆಲ್ಲ ನಕ್ಕರು.

ಮೇಸ್ತ್ರಿಗೆ ಸೀಸೆಯ ಚಟವಿರಲಿಲ್ಲ. ಸೀಸದ್ದು ಚಟವಲ್ಲ, ಕಸುಬು. ಇಪ್ಪತ್ತೆರಡು ವರ್ಷಗಳಿಂದ ಹಳೆಯ ಬ್ಯಾಟರಿಗಳ ಹೊಟ್ಟೆ ಸೀಳಿ, ಸವೆದ ಸೀಸದ ತಟ್ಟೆ ಕಿತ್ತು, ಹೊಸದನ್ನು ಬೆಸೆಯುತ್ತಿದ್ದ. ಆ ಧೂಳು ಸಂಜೆ ಅವನ ಜೊತೆ ಮನೆಗೆ ಬರುತ್ತಿತ್ತು. ಮೂರು ತಿಂಗಳ ಹಿಂದೆ ಪುಟ್ಟಿಯ ರಕ್ತದಲ್ಲಿ ಸೀಸದ ಲೆಕ್ಕ ಹತ್ತೊಂಬತ್ತು. ಇವತ್ತೂ ಹತ್ತೊಂಬತ್ತೇ.

"ಸೊನ್ನೆ ಇರಬೇಕಾದ್ದು" ಎಂದರು ನರ್ಸಮ್ಮ. "ಜ್ವರ ಇಲ್ಲ, ಆಟ ಆಡ್ತಾಳೆ ಅಂತ ಸುಮ್ಮನಿರಬೇಡಿ. ಬೆಳೆಯೋ ಮಿದುಳನ್ನ ಇದು ಸದ್ದಿಲ್ಲದೆ ಹಾಳುಮಾಡುತ್ತೆ."

ದಾರಿಯುದ್ದಕ್ಕೂ ಹೆಂಡತಿ ಒಂದೇ ಮಾತು ಆಡಿದಳು: "ಮುಂದಿನ ಸಲವೂ ಇಳೀಲಿಲ್ಲ ಅಂದ್ರೆ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ನೀವು, ನಿಮ್ಮ ಮೀಸೆ, ಇಬ್ರೂ ಸುಖವಾಗಿರಿ."

ಮರುದಿನ ಅವನು ಬ್ಯಾಟರಿ ಅಂಗಡಿಯ ಮಾಲೀಕನ ಬಳಿ ಸ್ನಾನಕ್ಕೊಂದು ಮೂಲೆ ಕೇಳಿದ. "ಇದೇನು ಅಂಗಡೀನೋ, ನಿನ್ನ ಅತ್ತೆ ಮನೇನೋ?" ಎಂಬ ಉತ್ತರ ಸಿಕ್ಕಿತು. ಕೆಲಸವನ್ನೇ ಬಿಡೋಣವೆಂದು ಭಾವನ ಬಟ್ಟೆ ಅಂಗಡಿಯಲ್ಲಿ ಎರಡು ದಿನ ನಿಂತ. ಗಿರಾಕಿಗಳು ತಿಳಿ ಗುಲಾಬಿ, ಎಲೆ ಹಸಿರು ಎಂದೆಲ್ಲ ಕೇಳಿದರು. ಇವನಿಗೆ ಗೊತ್ತಿದ್ದವು ಎರಡೇ ಬಣ್ಣ: ಪ್ಲಸ್ಸಿನ ಕೆಂಪು, ಮೈನಸ್ಸಿನ ಕಪ್ಪು. ಮೂರನೆಯ ದಿನ ಭಾವನೇ ಕೈಮುಗಿದು ಕಳಿಸಿಕೊಟ್ಟ. ಮತ್ತದೇ ಅಂಗಡಿ, ಅದೇ ಧೂಳು.

ಉಳಿದದ್ದು ಮನೆಯ ಬಚ್ಚಲೊಂದೇ. ಹೆಂಡತಿ ಕಾನೂನು ಮಾಡಿದಳು: ಹಿತ್ತಲಿನಿಂದ ಬರಬೇಕು, ಕೆಲಸದ ಬಟ್ಟೆ ಬೇರೆ ಬಕೆಟ್ಟಿಗೆ, ಮೀಸೆ ಸಮೇತ ತಲೆಗೆ ಸ್ನಾನ, ಆಮೇಲೆ ಮಗಳು. ಪೊರಕೆ ಹಿಡಿದರೆ ಧೂಳು ಏಳುತ್ತದೆಂದು ತಾನು ದಿನವೂ ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸತೊಡಗಿದಳು. ಮೊದಲ ವಾರ ಮೇಸ್ತ್ರಿ ಎರಡು ಚೊಂಬು ನೀರು ಹುಯ್ದುಕೊಂಡು ಈಚೆ ಬಂದ. ಹೆಂಡತಿಯೂ ಒಂದು ಬಿಳಿ ಬಟ್ಟೆ ಇಟ್ಟುಕೊಂಡಿದ್ದಳು. ಒರೆಸಿದಳು, ಅದರ ಬಣ್ಣ ನೋಡಿದಳು, ಜಗಳವಾಡಲಿಲ್ಲ. ಭಾನುವಾರ ಪಕ್ಕದ ಮನೆಯಿಂದ ಸ್ಕ್ರೂಡ್ರೈವರ್ ತಂದು ಬಚ್ಚಲಲ್ಲಿ ಏನೋ ರಿಪೇರಿ ಮಾಡಿದಳು.

ಅಲ್ಲಿಂದ ದಿನಾ ಸಂಜೆ ಅರ್ಧ ಗಂಟೆ ಸ್ನಾನ. ಮೂರಡಿ ಅಗಲ, ನಾಲ್ಕಡಿ ಉದ್ದ, ಕೈ ಚಾಚಿದರೆ ಗೋಡೆ. ಬೆಳಗ್ಗಿನಿಂದ ಅಂಗಡಿಯ ಗೂಡಿನಲ್ಲಿ ಇದ್ದವನು ಸಂಜೆ ಈ ಗೂಡಿಗೆ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಪುಟ್ಟಿಯ ನಾಲ್ಕು ಬೆರಳು ಕಾಣುತ್ತಿದ್ದವು. "ಅಪ್ಪಾ, ಬಾ." ಅವನು ಬಗ್ಗಿ ಆ ಬೆರಳುಗಳನ್ನು ನೋಡುತ್ತಿದ್ದ, ಮುಟ್ಟುತ್ತಿರಲಿಲ್ಲ. "ಬಂದೆ ಮಗಾ" ಎನ್ನುತ್ತ ಮತ್ತೊಮ್ಮೆ ಸೋಪು ಉಜ್ಜುತ್ತಿದ್ದ.

ಮೂರು ತಿಂಗಳ ನಂತರ ಲೆಕ್ಕ ಹನ್ನೊಂದಕ್ಕೆ ಇಳಿಯಿತು.

"ಸೊನ್ನೆ ಇನ್ನೂ ದೂರ ಇದೆ. ಆದ್ರೆ ಇಳೀತಿದೆ" ಎಂದು ನರ್ಸಮ್ಮ ನಕ್ಕರು. ಹೆಂಡತಿ ಅಮ್ಮನ ಮನೆಯ ಮಾತೆತ್ತಲಿಲ್ಲ, ದಿನಾ ಅರ್ಧ ಗಂಟೆಯ ಸ್ನಾನದ ವರದಿ ಒಪ್ಪಿಸಿದಳು. ಬಿರುಸು ಹೋದ ಮೀಸೆ ನೆನೆದ ಬೆಕ್ಕಿನ ಬಾಲದಂತೆ ಜೋತುಬಿದ್ದಿತ್ತು. ಪುಟ್ಟಿ ಅದನ್ನು ಹಿಡಿದು ಜಗ್ಗಿದಳು, ಬೆರಳು ಚೀಪಿದಳು. ಈ ಸಲ ಯಾರೂ ತಡೆಯಲಿಲ್ಲ.

ನರ್ಸಮ್ಮ ಸಾಲಿನಲ್ಲಿದ್ದ ಇನ್ನಿಬ್ಬರು ಬ್ಯಾಟರಿ ಅಂಗಡಿಯ ಅಪ್ಪಂದಿರನ್ನು ಹತ್ತಿರ ಕರೆದರು. "ಇವರನ್ನ ನೋಡಿ ಕಲೀರಿ. ಮೇಸ್ತ್ರಿಗಳೇ, ದುಡಿದು ದಣಿದು ಬಂದು, ಒಂದು ದಿನವೂ ತಪ್ಪಿಸದೆ ಅರ್ಧ ಗಂಟೆ ಸ್ನಾನ! ಇಷ್ಟು ಶಿಸ್ತು ಎಲ್ಲಿಂದ ಬಂತು? ಇವರಿಗೂ ಹೇಳಿ."

ಮೇಸ್ತ್ರಿ ಹೆಂಡತಿಯ ಕಡೆ ಒಮ್ಮೆ ನೋಡಿದ.

"ಬಚ್ಚಲಿನ ಚಿಲಕ ಹೊರಗಡೆ ಇದೆ, ಸಿಸ್ಟರ್."